ಗೋವಿನಜೋಳದ ಹೊಲದಲ್ಲಿ ಗುಡುಗುವ ಹಕ್ಕಿ

ಪುನರ್ವಸು ಮಳೆಯ ಹೊತ್ತಿಗೆ ನಮ್ಮ ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಗೋವಿನಜೋಳ ಮೊಣಕಾಲೆತ್ತರ ಬಂದಿರುತ್ತದೆ. ಮೋಡ ಮುಚ್ಚಿದ ಸಂಜೆ, ಗಾಳಿ ನಿಂತ ವೇಳೆಯಲ್ಲಿ ಬದುವಿನ ಕಡೆಯಿಂದ ಒಂದು ಸದ್ದು ಬರುತ್ತದೆ. ಮೊದಲು ‘ಹೂಂ... ಹೂಂ... ಹೂಂ...’ ಅಂತ ಮೂರು ನಾಲ್ಕು ಸಲ ಹುಂಕಾರ. ಆಮೇಲೆ ‘ಡ್ರ್‌ರ್‌ರ್‌ರ್‌ರ್’ ಅಂತ ಒಂದೇ ಸಮನೆ. ದೂರದ ರಸ್ತೆಯಲ್ಲಿ ಯಾರೋ ಮೋಟರ್ ಸೈಕಲ್ ಬಿಟ್ಟುಕೊಂಡು ಹೋದ ಹಾಗೆ. ಹದಿನೈದು ಎಣಿಸುವ ತನಕ ನಡೆದು ತಟ್ಟನೆ ನಿಲ್ಲುತ್ತದೆ. ನಿಮ್ಮಲ್ಲಿ ಬಹಳ ಮಂದಿ ಇದನ್ನು ಕೇಳಿರುತ್ತೀರಿ. ಇದು ಒಂದು ಹಿಡಿಯಷ್ಟಿರುವ ಹಕ್ಕಿಯ ಕೂಗು ಅಂತ ಬಲ್ಲವರು ಕಡಿಮೆ.

ನಾನು ಬ್ಯಾಡಗಿ ತಾಲೂಕಿನ ಒಣಬೇಸಾಯದ ರೈತ. 6 ಎಕರೆ ಹೊಲ. 4 ಎಕರೆ ಎರೆ, 2 ಎಕರೆ ಮಸಾರಿ. ಎರೆಯಲ್ಲಿ ಗೋವಿನಜೋಳ, ಹತ್ತಿ. ಮಸಾರಿಯಲ್ಲಿ ಶೇಂಗಾ, ಸ್ವಲ್ಪ ಮೆಣಸಿನಕಾಯಿ. 2022ರಿಂದ ನಡುವಿನ ಬದುವನ್ನು ಕೆರೆಯದೆ ಆರು ಅಡಿ ಅಗಲ ಹುಲ್ಲು ಬಿಟ್ಟಿದ್ದೇನೆ, ಎತ್ತಿನ ಮೇವಿಗೆ ಅಂತ. 2024ರ ಮುಂಗಾರಿನಲ್ಲಿ ಆ ಬದುವಿನ ಹತ್ತಿರ ಈ ಸದ್ದು ಶುರುವಾಯಿತು. ನನ್ನ ಹೊಲದಲ್ಲಿ ಅದಕ್ಕೂ ಮೊದಲು ಕೇಳಿದ್ದಿಲ್ಲ.

ಕೂಗುವ ಹಕ್ಕಿಯನ್ನು ಇವತ್ತಿನ ತನಕ ನಾನು ಕಣ್ಣಾರೆ ಕಂಡಿಲ್ಲ. ಆದರೂ ಅದು ಯಾವುದು ಅಂತ ಖಾತ್ರಿ ಆಗಿದೆ. ಕಾಣದ ಹಕ್ಕಿಯನ್ನು ಕೂಗಿನಿಂದಲೇ ಗುರುತು ಹಿಡಿದ ಬಗೆಯನ್ನು ಇಲ್ಲಿ ಬರೆಯುತ್ತೇನೆ. ಇದು ಬರೀ ಹವ್ಯಾಸದ ಮಾತಲ್ಲ. ಈ ಕೂಗು ಕೇಳುವ ದಿನಗಳೂ ನಾವು ಎಡೆ ಹೊಡೆಯುವ ದಿನಗಳೂ ಒಂದೇ. ಈ ಹಕ್ಕಿ ತತ್ತಿ ಇಡುವುದು ನೆಲದ ಮೇಲೆ, ನಮ್ಮ ಬೆಳೆಯ ಸಾಲಿನಲ್ಲಿ.

ಯಾವುದು ಅಲ್ಲ ಅಂತ ಮೊದಲು ನೋಡಬೇಕು

ಆಸುಪಾಸಿನವರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಅಡಿಗೆ ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನಾ ನಾಲ್ಕು ಸಂಗತಿ ಬರೆದಿಡುತ್ತ ಹೋದೆ: ಎಷ್ಟು ಹೊತ್ತಿಗೆ ಕೂಗಿತು, ಯಾವ ಕಡೆಯಿಂದ, ನೆಲದಿಂದಲೋ ಗಿಡದಿಂದಲೋ, ಎಷ್ಟು ಎಣಿಸುವ ತನಕ. ಹದಿನೈದು ದಿನದಲ್ಲಿ ಬಹಳಷ್ಟು ತಾನಾಗಿ ಬೇರೆಯಾಯಿತು.

‘ಅದು ಯಾರದೋ ಬೋರಿನ ಮೋಟರ್’ ಅಂದವರಿದ್ದರು. ಕರೆಂಟ್ ಇಲ್ಲದ ಸಂಜೆಯೂ ಸದ್ದು ಬಂತು. ಅಲ್ಲಿಗೆ ಮೋಟರ್ ಅಲ್ಲ.

‘ಕಪ್ಪೆ ಇರಬೇಕು’ ಅಂದರು. ಮಳೆಗಾಲದ ದೊಡ್ಡ ಕಪ್ಪೆ ಗುಟುರು ಹಾಕುವುದು ನಿಂತ ನೀರಿನಲ್ಲಿ, ಅದೂ ಗುಂಪಾಗಿ. ಈ ಸದ್ದು ಬಂದದ್ದು ಒಣ ಬದುವಿನಿಂದ, ಒಂಟಿಯಾಗಿ. ಕೃಷಿ ಹೊಂಡ ಅಲ್ಲಿಂದ ಎರಡು ಫರ್ಲಾಂಗು.

ಕೆಂಬೂತ ಅನ್ನೋಣ ಅಂದರೆ ಅದರ ‘ಊಪ್ ಊಪ್ ಊಪ್’ ಬಿಡಿಬಿಡಿಯಾಗಿ ಬರುತ್ತದೆ, ಕಂಟಿಯಿಂದ ಬರುತ್ತದೆ, ಹಕ್ಕಿಯೂ ಕಾಣುತ್ತದೆ. ಈ ಸದ್ದಿನ ಮೊದಲ ಹುಂಕಾರ ಕೆಂಬೂತವನ್ನು ಹೋಲುತ್ತದೆ ನಿಜ. ಆದರೆ ಹಿಂದೆ ಬರುವ ‘ಡ್ರ್‌ರ್‌ರ್’ ಕೆಂಬೂತಕ್ಕೆ ಇಲ್ಲ.

ನತ್ತಿಂಗವೂ ಹೊಲದ ಹಕ್ಕಿಯೇ. ರಾತ್ರಿ ಗಾಡಿಯ ಬೆಳಕಿಗೆ ದಾರಿಯಲ್ಲಿ ಕೂತು ಕೆಂಡದಂತೆ ಕಣ್ಣು ಹೊಳೆಸುತ್ತದಲ್ಲ, ಅದು. ಅದರ ಕೂಗು ಕತ್ತಲಾದ ಮೇಲೆ. ‘ಚಕ್ ಚಕ್ ಚಕ್’ ಅಂತ ಸಣ್ಣ ಕಲ್ಲು ಕುಟ್ಟಿದಂತೆ ಶುರುವಾಗಿ ಕೊನೆಗೆ ಉರುಳುತ್ತದೆ. ನನ್ನ ಕ್ಯಾಲೆಂಡರಿನಲ್ಲಿ ಇದ್ದದ್ದು ಬೆಳಗಿನ ಜಾವ ಮತ್ತು ಹೊತ್ತು ಮುಳುಗುವ ಮುಂಚಿನ ವೇಳೆ, ಮೋಡ ಇದ್ದರೆ ಹಗಲಿನಲ್ಲಿಯೂ.

ಗೌಜುಗದ ಕೂಗು ನಮಗೆಲ್ಲ ಗೊತ್ತು. ಏರು ದನಿ, ಊರಿಗೇ ಕೇಳಬೇಕು. ನಮ್ಮ ಕಡೆ ಬುರ್ಲಿ ಅನ್ನುವ ಲಾವಕ್ಕಿ ಸಿಳ್ಳೆ ಹಾಕಿದಂತೆ ತುಂಡು ತುಂಡಾಗಿ ಕೂಗುತ್ತದೆ. ಎರಡೂ ಅಲ್ಲ.

ಇಬ್ಬರು ಹಿರಿಯರು ಮಾತ್ರ ‘ಎರ್ಲಡ್ಡು ತಿರುಗಿ ಬಂತೇನೋ’ ಅಂದರು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ದೊಡ್ಡ ಹಕ್ಕಿ. ಅದರ ಗಂಡೂ ಆಳದ ಹುಂಕಾರ ಹಾಕುತ್ತದೆ. ಒಂದು ಕಾಲಕ್ಕೆ ರಾಣೇಬೆನ್ನೂರಿನ ಬಯಲುಗಳಲ್ಲಿ ಇತ್ತು. ಆದರೆ ಅದು ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ, ಗಂಡು ಹತ್ತು ಕಿಲೋ ಮೀರಿ ತೂಗುತ್ತದೆ. ಮೊಣಕಾಲೆತ್ತರದ ಗೋವಿನಜೋಳದಲ್ಲಿ ಅದು ಅಡಗುವುದು ಆಗದ ಮಾತು. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ದಿಕ್ಕು ಹಿಡಿಯುವುದು

ಈ ಕೂಗಿನ ತೊಂದರೆ ಏನೆಂದರೆ ಎಲ್ಲಿಂದ ಬರುತ್ತದೆ ಅಂತ ತಿಳಿಯುವುದಿಲ್ಲ. ನಾಲ್ಕೂ ಕಡೆಯಿಂದ ಬಂದಂತೆ ಇರುತ್ತದೆ. ಇದಕ್ಕೆ ಕಾರಣ ಉಂಟು. ಊರ ಜಾತ್ರೆಯಲ್ಲಿ ಡೊಳ್ಳು ಬಾರಿಸಿದರೆ ಊರೆಲ್ಲ ತುಂಬಿಕೊಂಡಂತೆ ಕೇಳುತ್ತದೆ, ಯಾವ ಓಣಿಯಲ್ಲಿ ಅಂತ ಹೇಳಲಾಗದು. ಎತ್ತಿನ ಕೊರಳ ಗೆಜ್ಜೆಯಾದರೆ ಕಣ್ಣು ಮುಚ್ಚಿಯೂ ಬೆರಳು ಮಾಡಿ ತೋರಿಸಬಹುದು. ತಗ್ಗು ದನಿ ಹುಲ್ಲು, ಬೆಳೆ ಎಲ್ಲವನ್ನೂ ದಾಟಿ ದೂರ ಹೋಗುತ್ತದೆ. ಆದರೆ ಅದರ ದಿಕ್ಕು ಹಿಡಿಯುವುದು ನಮ್ಮ ಕಿವಿಗೆ ಕಷ್ಟ. ಹುಲ್ಲಿನಲ್ಲಿ ಅಡಗಿ ಬದುಕುವ ಹಕ್ಕಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ತನ್ನವರಿಗೆ ಸುದ್ದಿ ಮುಟ್ಟುತ್ತದೆ, ನಾಯಿ ನರಿಗೆ ಜಾಗ ಸಿಗುವುದಿಲ್ಲ.

ನಾನು ಮತ್ತು ನನ್ನ ಮಗ ಒಂದು ಕೆಲಸ ಮಾಡಿದೆವು. ಹೊಲದ ಎರಡು ಮೂಲೆಯಲ್ಲಿ ಒಬ್ಬೊಬ್ಬರು ಕೂತೆವು. ಕೂಗು ಬಂದಾಗ ತಲೆಯನ್ನು ನಿಧಾನಕ್ಕೆ ಆಚೆ ಈಚೆ ಹೊರಳಿಸಿ, ಎರಡೂ ಕಿವಿಗೆ ಸಮ ಅನಿಸಿದ ಕಡೆಗೆ ಒಂದು ಕೋಲನ್ನು ನೆಲದ ಮೇಲೆ ಚಾಚಿ ಇಟ್ಟೆವು. ಹತ್ತು ಸಲ ಕೂಗಿದರೆ ಹತ್ತು ಸಲ ತಿದ್ದಿದೆವು. ಎರಡು ಕೋಲಿನ ನೇರ ಎಲ್ಲಿ ಕೂಡುತ್ತದೆ ನೋಡಿದರೆ ಬದುವಿನ ಹುಲ್ಲಿನ ನಡುಭಾಗ. ಮೂರು ಸಂಜೆಯೂ ಹತ್ತು ಹನ್ನೆರಡು ಹೆಜ್ಜೆಯ ಒಳಗೇ ಬಂತು. ಹತ್ತಿರ ಹೋದರೆ ಕೂಗು ಬಂದ್. ಅಲ್ಲಿಗೆ ನೆಲದ ಹಕ್ಕಿ, ಹುಲ್ಲಿನ ಹಕ್ಕಿ ಅಂತ ಗಟ್ಟಿಯಾಯಿತು.

ಬಲ್ಲವರ ಮಾತು

ಬ್ಯಾಡಗಿಯಲ್ಲಿ ಹರಣಶಿಕಾರಿ ಸಮುದಾಯದ ಒಬ್ಬ ಅಜ್ಜ ನನಗೆ ಪರಿಚಯ. ಬೇಟೆ ಬಿಟ್ಟು ಬಹಳ ವರ್ಷ ಆಯಿತು. ಅವರ ಮುಂದೆ ಬಾಯಿಯಿಂದ ಸದ್ದು ಮಾಡಿ ತೋರಿಸಿದೆ. ಅವರು ನಕ್ಕು, ಎರಡು ಅಂಗೈ ಬೊಗಸೆ ಮಾಡಿ ಬಾಯಿಗಿಟ್ಟು ನನಗಿಂತ ಚೆನ್ನಾಗಿ ಮಾಡಿದರು.

‘ಬುರ್ಲಿ ಹಂಗ ಕಾಣತೈತ್ರಿ ಗೌಡ್ರ, ಆದ್ರ ಬುರ್ಲಿ ಅಲ್ಲ. ಕೂಗೋದು ಹೆಣ್ಣು. ತತ್ತಿ ಮ್ಯಾಲೆ ಕುಂದ್ರೋದು ಗಂಡು.’

‘ಹೆಣ್ಣು ಏನ್ ಮಾಡತೈತಿ ಅಜ್ಜಾ?’

‘ಅದಕ್ಕೇನ್ರಿ, ತತ್ತಿ ಇಟ್ಟು ಗಂಡಿಗೆ ಒಪ್ಪಿಸಿ ಮತ್ತೊಂದು ಗಂಡ ಹುಡುಕ್ಕೋತ ಹೋಗತೈತಿ. ಅದಕ್ಕ ಕೂಗತೈತಿ.’

ಬೇಟೆಯವರ ಕಟ್ಟುಕತೆ ಇರಬಹುದೇನೋ ಅಂತ ಕೆಲವರಿಗೆ ಅನ್ನಿಸಬಹುದು. ಅಲ್ಲ. ಅಜ್ಜ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ನಮ್ಮೂರ ಹೈಸ್ಕೂಲಿನ ಮಾಸ್ತರರೊಬ್ಬರಿಗೆ ಹಕ್ಕಿಗಳ ಗೀಳು ಇದೆ. ಅವರು ಕೇಳಿದ ಕೂಡಲೇ ಹೆಸರು ಹೇಳಿದರು. ಕನ್ನಡದಲ್ಲಿ ಗುಡುಗಾಡು ಹಕ್ಕಿ. ಇಂಗ್ಲಿಷಿನಲ್ಲಿ ಬಾರ್ಡ್ ಬಟನ್‌ಕ್ವೇಲ್. ಕನ್ನಡದ ಹೆಸರಿನಲ್ಲೇ ಗುಡುಗು ಇದೆ ನೋಡಿ. ಹಕ್ಕಿಗಳ ಬಗ್ಗೆ ಜೀವನವಿಡೀ ಬರೆದ ಸಲೀಂ ಅಲಿಯವರೂ ಈ ಕೂಗನ್ನು ದೂರದ ಮೋಟರ್ ಸೈಕಲ್ಲಿಗೆ ಹೋಲಿಸಿದ್ದಾರಂತೆ.

ಮಾಸ್ತರರಿಂದ ತಿಳಿದ ಉಳಿದ ಸಂಗತಿ ಹೀಗಿದೆ. ಹಕ್ಕಿ ಒಂದು ಗೇಣಿಗಿಂತ ಕಡಿಮೆ, ಸುಮಾರು 15 ಸೆಂಟಿಮೀಟರ್. ಬೆನ್ನು ಒಣ ಹುಲ್ಲಿನ ಬಣ್ಣ, ಎದೆಗೆ ಕಪ್ಪು ಅಡ್ಡ ಪಟ್ಟೆ. ಹೆಣ್ಣು ಗಂಡಿಗಿಂತ ದೊಡ್ಡದು, ಅದರ ಗಂಟಲು ಕಪ್ಪು. ನೋಡಲು ಲಾವಕ್ಕಿಯಂತಿದ್ದರೂ ಅದರ ಬಳಗ ಅಲ್ಲ. ಟಿಟ್ಟಿಭ, ಕಡಲ ಹಕ್ಕಿಗಳ ಕಡೆಯ ನಂಟು ಅಂತ ಈಗಿನ ವಿಜ್ಞಾನಿಗಳು ಗುರುತಿಸಿದ್ದಾರೆ. ತಿನ್ನುವುದು ಹುಲ್ಲಿನ ಬೀಜ, ಕಳೆಯ ಬೀಜ, ಚಿಗುರು, ಇರುವೆ, ಸಣ್ಣ ಹುಳ. ಹುಲ್ಲಿನ ಬುಡದಲ್ಲಿ ಸಣ್ಣ ಕುಳಿ ಮಾಡಿ ಮೂರು ಅಥವಾ ನಾಲ್ಕು ತತ್ತಿ ಇಡುತ್ತದೆ. ಗಂಡು ಒಂದೇ ಹನ್ನೆರಡು ದಿನದ ಆಸುಪಾಸು ಕಾವು ಕೊಡುತ್ತದೆ. ಮರಿಗಳು ಹೊರಬಂದ ಸ್ವಲ್ಪ ಹೊತ್ತಿಗೇ ಅಪ್ಪನ ಹಿಂದೆ ಓಡುತ್ತವೆ.

ಫೋನಿನ ಉಪಯೋಗ, ಅದರ ಮಿತಿ

ಈಗ ಹಕ್ಕಿಯ ಕೂಗು ಕೇಳಿ ಹೆಸರು ಹೇಳುವ ಆ್ಯಪ್ ಬಂದಿವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಮಾಡಿದ ಮರ್ಲಿನ್ ಎಂಬುದರಲ್ಲಿ 2021ರಿಂದ ಈ ಸೌಕರ್ಯ ಇದೆ. ದುಡ್ಡಿಲ್ಲ. ಒಮ್ಮೆ ಇಳಿಸಿಕೊಂಡರೆ ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೂ ನಡೆಯುತ್ತದೆ. ಮಗ ಅದನ್ನು ಹಚ್ಚಿ ಬದುವಿನ ಮೇಲೆ ಇಟ್ಟ. ಟಿಟ್ಟಿಭ, ಗೌಜುಗ, ಕೆಂಬೂತ ಎಲ್ಲದರ ಹೆಸರು ಬಂತು. ನಮಗೆ ಬೇಕಾದದ್ದು ಮಾತ್ರ ಬರಲಿಲ್ಲ. ನಮ್ಮ ಕಿವಿಗೆ ಅಷ್ಟು ಸ್ಪಷ್ಟ ಕೇಳುವ ಗುಡುಗು ಫೋನಿನ ರೆಕಾರ್ಡಿನಲ್ಲಿ ಗಾಳಿ ಬೀಸಿದಂತೆ ಮಾತ್ರ ಇತ್ತು. ತಗ್ಗು ದನಿಯನ್ನು ಫೋನು ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಫೋನು ಹೇಳಲಿಲ್ಲ ಅಂದ ಮಾತ್ರಕ್ಕೆ ಹಕ್ಕಿ ಇಲ್ಲ ಅಂತ ತಿಳಿಯಬೇಡಿ.

ನಮಗೆ ನೆರವಾದದ್ದು ಬೇರೆ. ಕ್ಸೆನೋ-ಕ್ಯಾಂಟೋ ಅಂತ ಒಂದು ಜಾಲತಾಣ ಇದೆ. 2005ರಲ್ಲಿ ಶುರುವಾದದ್ದು. ಜಗತ್ತಿನ ಹಕ್ಕಿಪ್ರಿಯರು ತಾವು ಧ್ವನಿಮುದ್ರಿಸಿದ ಕೂಗುಗಳನ್ನು ಅದರಲ್ಲಿ ಇಟ್ಟಿದ್ದಾರೆ, ಯಾರು ಬೇಕಾದರೂ ಕೇಳಬಹುದು. ಮಾಸ್ತರರು ಹೇಳಿದ ಹೆಸರು ಹಾಕಿ, ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು ಮನೆಯಲ್ಲಿ ಕೇಳಿದೆ. ಅದೇ ಹುಂಕಾರ, ಅದೇ ಡ್ರ್‌ರ್‌ರ್. ಅದೇ ಸಂಜೆ ಹೊಲಕ್ಕೆ ಹೋಗಿ ತಾಳೆ ನೋಡಿದೆ. ಸಂಶಯ ಉಳಿಯಲಿಲ್ಲ.

ಆ ಮುದ್ರಿಸಿದ ಕೂಗನ್ನು ಹೊಲದಲ್ಲಿ ಜೋರಾಗಿ ಹಚ್ಚಬಾರದು. ಇದು ಮುಖ್ಯ. ಈ ಹಕ್ಕಿಯಲ್ಲಿ ಜಾಗಕ್ಕಾಗಿ ಕಾದಾಡುವುದು ಹೆಣ್ಣು. ಇನ್ನೊಂದು ಹೆಣ್ಣಿನ ದನಿ ಕೇಳಿದರೆ ಜಗಳಕ್ಕೆ ಓಡಿ ಬರುತ್ತದೆ. ಹಿಂದೆ ಹಿಡಿಯುತ್ತಿದ್ದದ್ದೂ ಇದೇ ಉಪಾಯದಿಂದ. ಜೆರ್ಡನ್ ಎಂಬ ಬ್ರಿಟಿಷ್ ವೈದ್ಯ 1862–64ರಲ್ಲಿ ಪ್ರಕಟಿಸಿದ ಹಕ್ಕಿಗಳ ಗ್ರಂಥದಲ್ಲಿ ದಕ್ಷಿಣದ ಈ ಪದ್ಧತಿಯನ್ನು ಬರೆದಿದ್ದಾನೆ. ಸಾಕಿದ ಹೆಣ್ಣನ್ನು ಬೋನಿನಲ್ಲಿಟ್ಟು ಕೂಗಿಸಿ, ಕಾದಾಡಲು ಬಂದ ಹೆಣ್ಣುಗಳನ್ನು ಹಿಡಿಯುತ್ತಿದ್ದರು. ಬಲೆಗೆ ಬೀಳುತ್ತಿದ್ದದ್ದು ಹೆಚ್ಚಾಗಿ ತತ್ತಿ ಇಡುವ ಹೆಣ್ಣುಗಳೇ. ಮನೆ ಮುಟ್ಟುವುದರೊಳಗೆ ಚೀಲದಲ್ಲೇ ತತ್ತಿ ಇಟ್ಟದ್ದೂ ಉಂಟಂತೆ. ಈಗ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇವುಗಳನ್ನು ಹಿಡಿಯುವುದು ಅಪರಾಧ. ಫೋನಿನಲ್ಲಿ ಕೂಗು ಹಚ್ಚಿ ಕರೆಯುವುದೂ ಬೋನಿನ ತಮ್ಮನೇ. ಹಕ್ಕಿ ತನ್ನ ಕೆಲಸ ಬಿಟ್ಟು ಇಲ್ಲದ ವೈರಿಯನ್ನು ಹುಡುಕುತ್ತ ಬಯಲಿಗೆ ಬರುತ್ತದೆ.

ಮಣ್ಣಿನ ಸಾಕ್ಷಿ

ಕೂಗಿನ ಜೊತೆಗೆ ಇನ್ನೊಂದು ಗುರುತು ಸಿಕ್ಕಿತು. ಚಕ್ಕಡಿ ದಾರಿಯ ಹಸಿ ಮಣ್ಣಿನಲ್ಲಿ ಸಣ್ಣ ಹೆಜ್ಜೆಗಳು ಮೂಡಿದ್ದವು. ಎಲ್ಲವೂ ಮೂರೇ ಬೆರಳು, ಮೂರೂ ಮುಂದಕ್ಕೆ. ಲಾವಕ್ಕಿಗೆ, ಗೌಜುಗಕ್ಕೆ ಹಿಂದೆ ಒಂದು ಬೆರಳು ಇರುತ್ತದೆ. ಗುಡುಗಾಡು ಹಕ್ಕಿಗೆ ಹಿಂಬೆರಳೇ ಇಲ್ಲ. ಹೆಜ್ಜೆ ಒಂದನ್ನೇ ನಂಬುವಂತಿಲ್ಲ, ಲಾವಕ್ಕಿಯ ಹಿಂಬೆರಳೂ ಗಟ್ಟಿ ನೆಲದಲ್ಲಿ ಮೂಡದೆ ಹೋಗಬಹುದು. ಆದರೆ ಹೊತ್ತು, ಜಾಗ, ಕೂಗಿನ ಧಾಟಿ, ಅಜ್ಜನ ಮಾತು, ಮುದ್ರಿಸಿದ ದನಿ, ಹೆಜ್ಜೆ, ಆರೂ ಒಂದೇ ಕಡೆ ಬೆರಳು ಮಾಡಿದರೆ ನಂಬಬಹುದು.

ಎಡೆ ಹೊಡೆಯುವಾಗ

ಇಲ್ಲಿಂದ ರೈತನ ಕೆಲಸ. ಕೂಗು ಕೇಳಿದರೆ ಹತ್ತಿರದಲ್ಲಿ ಗೂಡು ಇರಬಹುದು ಅಂತ ಎಚ್ಚರ ಬೇಕು. ಆದರೆ ಕೂಗಿದ ಜಾಗದಲ್ಲೇ ಗೂಡು ಹುಡುಕಿದರೆ ಸಿಗುವುದಿಲ್ಲ. ಕೂಗುವುದು ಹೆಣ್ಣು. ತತ್ತಿಯ ಮೇಲೆ ಕೂತ ಗಂಡು ಕೂಗುವುದಿಲ್ಲ, ಕದಲುವುದಿಲ್ಲ. ಎತ್ತಿನ ಗೊರಸು ಮೈಮೇಲೆ ಬರುವ ತನಕ ಕೂತೇ ಇರುತ್ತದೆ.

ಆ ವರ್ಷ ಎರಡನೇ ಎಡೆ ಹೊಡೆಯುವಾಗ ಮಗನನ್ನು ಎತ್ತುಗಳ ಮುಂದೆ ನಡೆಸಿದೆ. ಕೈಯಲ್ಲಿ ಉದ್ದ ಕೋಲು, ಸಾಲಿನ ಗೋವಿನಜೋಳದ ಎಲೆ ಮೆಲ್ಲಗೆ ತಟ್ಟುತ್ತ ಹೋಗುವುದು. ಬದುವಿನಿಂದ ಏಳನೇ ಸಾಲಿನಲ್ಲಿ ಮಣ್ಣಿನ ಹೆಂಟೆಯಂಥದ್ದು ಒಂದು ಎದ್ದು ಇಲಿಯಂತೆ ಓಡಿತು. ಗಂಟಲು ಕಪ್ಪಿರಲಿಲ್ಲ, ಗಂಡು. ಎತ್ತು ನಿಲ್ಲಿಸಿ ನೋಡಿದರೆ ಕರಕಿ ಹುಲ್ಲಿನ ಬುಡದಲ್ಲಿ ನಾಲ್ಕು ತತ್ತಿ. ಬೂದು ಬಿಳುಪಿನ ಮೇಲೆ ಕಂದು ಚುಕ್ಕಿ.

ಗೂಡಿನ ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟು ಕುಂಟೆ ಎತ್ತಿ ದಾಟಿಸಿದೆವು. ಅಷ್ಟು ಜಾಗದಲ್ಲಿ ಇದ್ದದ್ದು ಇಪ್ಪತ್ತೈದರ ಆಸುಪಾಸು ಗಿಡ. ಒಂಬತ್ತನೇ ದಿನ ದೂರದಿಂದ ನೋಡಿದೆ. ಗಂಡು ಇರಲಿಲ್ಲ, ಒಡೆದ ಚಿಪ್ಪು ಇತ್ತು. ಆಮೇಲೆ ಅಲ್ಲಿಯ ಕಳೆಯನ್ನು ನನ್ನ ಹೆಂಡತಿ ಕುರ್ಚಿಗೆಯಿಂದ ತೆಗೆದಳು, ಅರ್ಧ ತಾಸಿನ ಕೆಲಸವೂ ಅಲ್ಲ. ಆ ಗಿಡಗಳ ತೆನೆಯಲ್ಲಿ ಕಣ್ಣಿಗೆ ಕಾಣುವಂಥ ಫರಕು ಬರಲಿಲ್ಲ.

ನೀವು ಮಾಡುವುದಾದರೆ ಇಷ್ಟು ನೆನಪಿಡಿ. ಗುರುತಿನ ಕೋಲನ್ನು ಗೂಡಿನ ಪಕ್ಕ ನೆಡಬೇಡಿ, ಕಾಗೆ ಬಹಳ ಜಾಣ. ಹತ್ತು ಹೆಜ್ಜೆ ದೂರ ಬದುವಿನ ಮೇಲೆ ನೆಟ್ಟು ಸಾಲು ಎಣಿಸಿಟ್ಟುಕೊಳ್ಳಿ. ತತ್ತಿ ಮುಟ್ಟಬೇಡಿ. ದಿನಾ ಹೋಗಿ ನೋಡಬೇಡಿ, ನಿಮ್ಮ ಹಿಂದೆ ನಾಯಿ ಬರುತ್ತದೆ. ಟ್ರ್ಯಾಕ್ಟರಿನಿಂದ ಎಡೆ ಹೊಡೆಸುವವರು ಕೂಗು ಕೇಳಿದ ಬದುವಿನ ಕಡೆಯ ಹತ್ತು ಸಾಲಿನಲ್ಲಾದರೂ ಒಬ್ಬರನ್ನು ಮುಂದೆ ನಡೆಸಿ. ಕೂಗು ಇರುವ ಬದುವಿನ ಹುಲ್ಲಿಗೆ ಕಳೆನಾಶಕ ಹೊಡೆಯಬೇಡಿ, ಬೆಂಕಿ ಹಚ್ಚಬೇಡಿ. ಹುಲ್ಲನ್ನು ಒಂದೇ ಸಲ ಕೊಯ್ಯದೆ ಅರ್ಧರ್ಧ ಕೊಯ್ದರೆ ಮೇವೂ ಆಯಿತು, ಹಕ್ಕಿಗೆ ಮರೆಯೂ ಉಳಿಯಿತು.

ಇದರಿಂದ ನಮಗೇನು ಲಾಭ ಅಂತ ಕೇಳುವವರಿದ್ದಾರೆ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಫಾಲ್ ಸೈನಿಕ ಹುಳ ನಮ್ಮ ಗೋವಿನಜೋಳಕ್ಕೂ ಬಿದ್ದು ಔಷಧಿಗೆ ಎಷ್ಟು ಸುರಿದೆವು ಎಲ್ಲರಿಗೂ ಗೊತ್ತು. ಈ ಹಕ್ಕಿ ಆ ಹುಳವನ್ನು ಮುಗಿಸುತ್ತದೆ ಅಂತ ನಾನು ಹೇಳುವುದಿಲ್ಲ. ಕಳೆಯ ಬೀಜ, ಇರುವೆ, ಸಣ್ಣ ಹುಳ ತಿಂದುಕೊಂಡು ನಮ್ಮ ಬೆಳೆಗೆ ಹೊರೆಯಾಗದೆ ಇರುವ ಜೀವ. ಅದು ಇದೆ ಅಂದರೆ ನಮ್ಮ ಬದುವಿನಲ್ಲಿ ಹುಲ್ಲು ಇದೆ, ಹುಲ್ಲಿನಲ್ಲಿ ಹುಳ ಇದೆ, ಮಣ್ಣಿನಲ್ಲಿ ಜೀವ ಇದೆ ಅಂತ ಅರ್ಥ.

ಎರ್ಲಡ್ಡುವಿನ ಪಾಠ

ನಮ್ಮ ಜಿಲ್ಲೆಯಲ್ಲೇ ಒಂದು ಪಾಠ ಇದೆ. ರಾಣೇಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಆಯಿತು, 119 ಚದರ ಕಿಲೋಮೀಟರ್. ಅಲ್ಲಿ ಎರ್ಲಡ್ಡುವೂ ಇತ್ತು. ಬಯಲು ಹುಲ್ಲುಗಾವಲಿನ ಹಕ್ಕಿ ಅದು. ಹುಲ್ಲಿದ್ದ ಜಾಗದಲ್ಲಿ ನೀಲಗಿರಿ ತೋಪು ಎದ್ದಿತು, ಸುತ್ತಲಿನ ಬೀಳು ಭೂಮಿ ಉಳುಮೆಗೆ ಬಂತು. ಕೃಷ್ಣಮೃಗ ಉಳಿಯಿತು, ನಮ್ಮ ಬೆಳೆ ಮೇಯುವಷ್ಟು ಹೆಚ್ಚಿತು. ಎರ್ಲಡ್ಡು ಮಾತ್ರ ಇಲ್ಲವಾಯಿತು. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡದ್ದಷ್ಟೇ. ನಮ್ಮ ಇಬ್ಬರು ಹಿರಿಯರು ಯಾವುದೋ ಹುಂಕಾರ ಕೇಳಿ ‘ತಿರುಗಿ ಬಂತೇನೋ’ ಅಂದದ್ದು ಅದಕ್ಕೇ. ಅವರ ಕಿವಿಯಲ್ಲಿ ಆ ಕೂಗು ಇನ್ನೂ ಇದೆ. ನನ್ನ ಮಗನ ಕಿವಿಯಲ್ಲಿ ಇಲ್ಲ.

ದೊಡ್ಡ ಹಕ್ಕಿ ಹೋದಾಗ ಪೇಪರಿನಲ್ಲಿ ಬರುತ್ತದೆ. ಹಿಡಿಯಷ್ಟಿನ ಹಕ್ಕಿ ಹೋದರೆ ಯಾರಿಗೂ ತಿಳಿಯುವುದಿಲ್ಲ, ಇದ್ದದ್ದೇ ಗೊತ್ತಿಲ್ಲದ ಮೇಲೆ ಹೋದದ್ದು ಹೇಗೆ ಗೊತ್ತಾಗಬೇಕು? ಗುಡುಗಾಡು ಹಕ್ಕಿ ಈಗ ಅಪರೂಪವೇನಲ್ಲ, ದೇಶದ ಬಹುಭಾಗದಲ್ಲಿದೆ. ಅಪರೂಪ ಆಗುವ ಮೊದಲೇ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ದುರ್ಬೀನು ಬೇಡ, ಸಂಜೆ ಹೊಲದಿಂದ ಹೊರಡುವ ಮುಂಚೆ ಹತ್ತು ನಿಮಿಷ ಬದುವಿನ ಮೇಲೆ ಸುಮ್ಮನೆ ಕೂತರೆ ಸಾಕು.

ಈ ಹಕ್ಕಿಗೆ ನಮ್ಮೂರಿನ ರೈತರ ಬಾಯಲ್ಲಿ ಬೇರೆ ಹೆಸರು ನನಗೆ ಸಿಗಲಿಲ್ಲ. ಹಿರೇಕೆರೂರು, ಸವಣೂರು, ಹಾನಗಲ್ಲ ಕಡೆಯವರು, ದಾವಣಗೆರೆ, ಗದಗ, ಬಳ್ಳಾರಿಯವರು ನಿಮ್ಮಲ್ಲಿ ಇದನ್ನು ಏನು ಕರೆಯುತ್ತೀರಿ, ಯಾವ ಮಳೆಗೆ ಕೂಗು ಶುರುವಾಗುತ್ತದೆ, ಯಾವ ಬೆಳೆಯಲ್ಲಿ ತತ್ತಿ ಕಂಡಿದ್ದೀರಿ ಅಂತ ಪತ್ರಿಕೆಗೆ ಒಂದು ಕಾರ್ಡು ಬರೆದು ಹಾಕಿ. ಎಡೆ ಹೊಡೆಯುವ ಮೊದಲು ಬರೆದರೆ ಇನ್ನೂ ಒಳ್ಳೆಯದು.